ಕಾಮಾಲೆಯ ಪಥ್ಯ ಎಲ್ಲ ಮಕ್ಕಳಿಗೂ ಅಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಮುಂಬಯಿ, ಠಾಣೆ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಕಾಮಾಲೆಯ ಮಾತು ಶುರುವಾಗುತ್ತದೆ. ಪತ್ರಿಕೆಗಳ ಆರೋಗ್ಯ ಅಂಕಣದಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಬಿಲ್ಡಿಂಗಿನ ಕೆಳಗೆ ತರಕಾರಿ ಕೊಳ್ಳುವಾಗ, ಎಲ್ಲ ಕಡೆಯೂ ಅದೇ ಪಥ್ಯ. ಎಣ್ಣೆ ತುಪ್ಪ ಮುಟ್ಟಬೇಡಿ, ಬೇಳೆ ಮೊಟ್ಟೆ ಮೀನು ದೂರವಿಡಿ, ತಿಳಿಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಕೊಡಿ, ಬೆಳಗ್ಗೆ ನೆಲನೆಲ್ಲಿಯ ರಸ ಕುಡಿಸಿ. ಈ ಪಥ್ಯವನ್ನು ಹಿರಿಯರು ಕಟ್ಟಿಕೊಂಡದ್ದು ಕೆಟ್ಟ ನೀರಿನಿಂದ ಬರುವ ಕಾಮಾಲೆಗೆ, ಈಗಿನ ಹೆಸರಿನಲ್ಲಿ ಹೇಳುವುದಾದರೆ ಹೆಪಟೈಟಿಸ್ ಎ ಮತ್ತು ಇ ಸೋಂಕಿಗೆ. ಅದು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಗಟ್ಟಿಮುಟ್ಟಾದ ದೊಡ್ಡವರು ಹದಿನೈದು ದಿನ ಗಂಜಿಯಲ್ಲೇ ಕಳೆದರೆ ಸ್ವಲ್ಪ ಇಳಿದುಹೋದಾರು, ಮುಂದಿನ ತಿಂಗಳು ಮತ್ತೆ ತುಂಬಿಕೊಂಡಾರು. ಆದರೆ ವರ್ಷಗಟ್ಟಲೆ ಲಿವರ್ ಕಾಯಿಲೆ ಹೊತ್ತು ಬೆಳೆಯಬೇಕಾದ ಮಗುವಿಗೂ ಮನೆಯವರು ಪ್ರೀತಿಯಿಂದಲೇ ಇದೇ ಪಥ್ಯ ಹಾಕುತ್ತಿದ್ದಾರೆ. ಅಲ್ಲಿ ಅದು ಮಗುವನ್ನು ಹಸಿವಿನಲ್ಲಿ ಕೆಡವುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕಾಮಾಲೆ ಎಂಬುದು ಒಂದು ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ಏರಿತು ಎಂದಷ್ಟೇ ಅದರ ಅರ್ಥ. ಏರಿದ್ದಕ್ಕೆ ಕಾರಣಗಳು ಹತ್ತಾರು. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ, ತಾಮ್ರ ಹೊರಹೋಗದೆ ಮೈಯಲ್ಲೇ ಉಳಿಯುವ ವಿಲ್ಸನ್ ಕಾಯಿಲೆ, ದೇಹದ ರಕ್ಷಣಾ ಶಕ್ತಿಯೇ ಲಿವರಿನ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಹೆಪಟೈಟಿಸ್, ಪಿತ್ತರಸ ಸರಿಯಾಗಿ ಹರಿಯದ ವಂಶವಾಹಿ ಕಾಯಿಲೆಗಳು, ಹೀಗೆ. ಕಣ್ಣು ಹಳದಿಯಾದದ್ದನ್ನು ಮಾತ್ರ ನೋಡಿ ಮದ್ದು ಪಥ್ಯ ಹೇಳುವವರಿಗೆ ಇವೆಲ್ಲವೂ ಒಂದೇ ಆಗಿಬಿಡುತ್ತವೆ.

ಮೊದಲು ಹಸುಗೂಸಿನ ವಿಷಯ ಹೇಳಬೇಕು, ಏಕೆಂದರೆ ಅಲ್ಲಿ ದಿನಗಳ ಲೆಕ್ಕವಿದೆ. ಹುಟ್ಟಿದ ಮಗುವಿಗೆ ಒಂದೆರಡು ವಾರ ಹಳದಿ ಇರುವುದು ಸಾಮಾನ್ಯ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ 14 ದಿನ ದಾಟಿದ ಮೇಲೂ ಹಳದಿ ಉಳಿದಿದ್ದರೆ ರಕ್ತಪರೀಕ್ಷೆ ಆಗಲೇಬೇಕು. ಲ್ಯಾಬಿನಲ್ಲಿ ಟೋಟಲ್ ಬಿಲಿರುಬಿನ್ ಜೊತೆಗೆ ಡೈರೆಕ್ಟ್ ಬಿಲಿರುಬಿನ್ ಬೇರೆಯಾಗಿ ಬೇಕೆಂದು ಕೇಳಿ ಬರೆಸಿಕೊಳ್ಳಿ. ಟೋಟಲ್ ಮಾತ್ರ ನೋಡಿದರೆ ತಾಯಿಹಾಲಿನ ನಿರಪಾಯದ ಕಾಮಾಲೆಗೂ ಪಿತ್ತನಾಳದ ಕಾಯಿಲೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಡೈರೆಕ್ಟ್ 1 ಮಿ.ಗ್ರಾಂ.ಗಿಂತ ಹೆಚ್ಚಿದ್ದರೆ ಅದೇ ವಾರ ಮಕ್ಕಳ ಲಿವರ್ ತಜ್ಞರನ್ನು ಕಾಣಬೇಕು. ಬೆಳಗಿನ ಎಳೆಬಿಸಿಲಿಗೆ ಮಗುವನ್ನು ಹಿಡಿದರೆ ಈ ಡೈರೆಕ್ಟ್ ಬಿಲಿರುಬಿನ್ ಇಳಿಯುವುದಿಲ್ಲ. ಬಿಸಿಲು ಕಾಯಿಸುತ್ತ ಕೂತ ಅಷ್ಟು ದಿನವೂ ನಷ್ಟವೇ.

ನಷ್ಟ ಏಕೆಂದರೆ, ಬಿಲಿಯರಿ ಅಟ್ರೀಸಿಯಾಕ್ಕೆ ಇರುವ ಮೊದಲ ಚಿಕಿತ್ಸೆ ಕಸಾಯ್ ಶಸ್ತ್ರಚಿಕಿತ್ಸೆ. ಜಪಾನಿನ ವೈದ್ಯ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ್ದು. ಮುಚ್ಚಿಹೋದ ನಾಳವನ್ನು ತೆಗೆದು ಕರುಳಿನ ಒಂದು ಕುಣಿಕೆಯನ್ನು ನೇರವಾಗಿ ಲಿವರಿನ ಬುಡಕ್ಕೆ ಹೊಲಿಯುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲೇ ಆದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ದಿನ ಕಳೆದಂತೆ ಲಿವರ್ ಗಟ್ಟಿಯಾಗುತ್ತ ಹೋಗಿ ಆ ಸಾಧ್ಯತೆ ಕುಗ್ಗುತ್ತದೆ.

ಈಗ ನಮ್ಮವರ ಬಾಣಂತನ ನೆನೆಸಿಕೊಳ್ಳಿ. ಹೆರಿಗೆಗೆಂದು ಮಗಳು ಉಡುಪಿಗೋ ಕುಂದಾಪುರಕ್ಕೋ ವಿಜಯಪುರಕ್ಕೋ ತವರಿಗೆ ಹೋಗುತ್ತಾಳೆ, ಮೂರು ತಿಂಗಳು ಅಲ್ಲೇ. ಗಂಡ ಇಲ್ಲಿ ಹೋಟೆಲಿನಲ್ಲೋ ಆಫೀಸಿನಲ್ಲೋ. ಕೂಸು ಅರೆಗತ್ತಲೆಯ ಬಾಣಂತಿ ಕೋಣೆಯಲ್ಲಿ, ದಿನವೂ ಎಣ್ಣೆ ನೀರು, ಮೈಗೆ ಅರಿಶಿನ. ಹಳದಿ ಇದ್ದರೂ ಕಾಣದು, ಕಂಡರೂ ಅರಿಶಿನದ್ದೆಂದು ಅಂದುಕೊಳ್ಳುತ್ತಾರೆ. ತೊಂಬತ್ತು ದಿನ ಕಳೆದು ಮುಂಬಯಿಗೆ ಬಂದು ಇಲ್ಲಿಯ ವೈದ್ಯರಿಗೆ ತೋರಿಸುವ ಹೊತ್ತಿಗೆ ಆ 60 ದಿನ ಮುಗಿದಿರುತ್ತದೆ. ಬಾಣಂತನ ತವರಿನಲ್ಲೇ ಆಗಲಿ, ಅದರ ಸುಖ ತಾಯಿಗೂ ಮಗುವಿಗೂ ಬೇಕು. ಹದಿನೈದನೆಯ ದಿನ ಮಾತ್ರ ಕೂಸನ್ನು ಕಿಟಕಿಯ ಬೆಳಕಿಗೆ ತಂದು ಕಣ್ಣಿನ ಬಿಳಿಭಾಗ ನೋಡಿ. ಅರಿಶಿನ ಅಲ್ಲಿ ಹತ್ತುವುದಿಲ್ಲ.

ಇನ್ನೊಂದು ಗುರುತು ಲಂಗೋಟಿಯಲ್ಲೇ ಇದೆ. ಎಳೆಮಗುವಿನ ಮೂತ್ರಕ್ಕೆ ಬಣ್ಣವೇ ಇರಬಾರದು. ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ ಉಳಿದರೆ ಅದು ಸಹಜವಲ್ಲ. ಮಲ ಸಾಸಿವೆ ಹಳದಿ, ಹಸಿರು, ಕಂದು ಯಾವುದಿದ್ದರೂ ಭಯವಿಲ್ಲ. ಸುಣ್ಣದಂತೆ, ಜೇಡಿಮಣ್ಣಿನಂತೆ, ಕಲಸಿದ ಅಕ್ಕಿಹಿಟ್ಟಿನಂತೆ ಬೆಳ್ಳಗಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಒಂದು ದಿನ ಬೆಳ್ಳಗೆ, ಮರುದಿನ ಸ್ವಲ್ಪ ಹಳದಿ ಹೀಗೂ ಆಗಬಹುದು, ಅದರಿಂದ ಸಮಾಧಾನ ಪಡಬೇಡಿ. ಹಗಲು ಬೆಳಕಿನಲ್ಲೇ ನೋಡಬೇಕು. ಟ್ಯೂಬ್‌ಲೈಟಿನಲ್ಲಿ, ಮೊಬೈಲ್ ಫೋಟೊದಲ್ಲಿ ಬಣ್ಣ ಮೋಸ ಮಾಡುತ್ತದೆ. ಫೋಟೊ ಕಳಿಸಲೇಬೇಕಾದರೆ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ, ನೋಡುವವರಿಗೆ ಹೋಲಿಕೆ ಸಿಗುತ್ತದೆ. ತೈವಾನ್ 2004ರಲ್ಲಿ ಮಲದ ಬಣ್ಣ ತೋರಿಸುವ ಕಾರ್ಡನ್ನು ದೇಶದ ಎಲ್ಲ ತಾಯಂದಿರಿಗೂ ಕೊಡಲು ಶುರುಮಾಡಿತು, ಅಲ್ಲಿಂದ 60 ದಿನದೊಳಗೆ ಶಸ್ತ್ರಚಿಕಿತ್ಸೆ ಆಗುವ ಮಕ್ಕಳ ಪ್ರಮಾಣ ಏರಿತು. ಒಂದು ರಟ್ಟಿನ ಕಾರ್ಡು, ಅಷ್ಟೇ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಬಸುರಿಯಲ್ಲಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಯಾರದೋ ದೃಷ್ಟಿಯಿಂದ ಪಿತ್ತನಾಳ ಮುಚ್ಚುವುದಿಲ್ಲ. ಎದೆಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಮನೆಯ ಹಿರಿಯರು ಈ ಎರಡು ಮಾತು ಬಾಯಿಬಿಟ್ಟು ಹೇಳಿದರೆ ಆ ತಾಯಿಗೆ ಆಗುವ ಉಪಕಾರ ದೊಡ್ಡದು.

ಇನ್ನು ಊಟ. ನಾವು ನಿಧಾನವಾಗಿ ಹೇಳಬೇಕಾದ ವಿಷಯ ಇದೇ. ಲಿವರ್ ಕಾಯಿಲೆಯ ಮಗುವಿಗೆ ಅದೇ ವಯಸ್ಸಿನ ಬೇರೆ ಮಗುವಿಗಿಂತ ಹೆಚ್ಚು ಆಹಾರ ಬೇಕು. ಸಾಮಾನ್ಯ ಅಗತ್ಯದ ಒಂದೂಕಾಲು ಪಟ್ಟಿನಿಂದ ಒಂದೂವರೆ ಪಟ್ಟು. ಪ್ರೋಟೀನ್ ಕೆ.ಜಿ. ತೂಕಕ್ಕೆ ದಿನಕ್ಕೆ 2ರಿಂದ 3 ಗ್ರಾಂ. ಪಿತ್ತ ಇಳಿಯದ್ದರಿಂದ ತಿಂದ ಕೊಬ್ಬಿನಲ್ಲಿ ಬಹಳಷ್ಟು ಮಲದಲ್ಲೇ ಹೋಗುತ್ತದೆ, ದೇಹವೋ ಸದಾ ಉರಿಯುವ ಒಲೆಯಂತೆ ಶಕ್ತಿ ಸುಡುತ್ತಿರುತ್ತದೆ. ಅದರ ಮೇಲೆ ದೊಡ್ಡದಾದ ಲಿವರ್, ಗುಲ್ಮ ಹೊಟ್ಟೆಯನ್ನು ಒತ್ತುವುದರಿಂದ ಮಗು ನಾಲ್ಕು ತುತ್ತಿಗೆ ಸಾಕು ಅನ್ನುತ್ತದೆ. ಆದ್ದರಿಂದ ಆ ನಾಲ್ಕು ತುತ್ತಿನಲ್ಲೇ ಹೆಚ್ಚು ಸತ್ವ ತುಂಬಬೇಕು.

ಒಂದು ಬಟ್ಟಲು ಗಂಜಿಯನ್ನೇ ತೆಗೆದುಕೊಳ್ಳಿ. 20 ಗ್ರಾಂ ಅಕ್ಕಿ ಹಾಕಿ ಬೇಯಿಸಿದ ತಿಳಿಗಂಜಿಯಲ್ಲಿ 70 ಕ್ಯಾಲೊರಿ, ಪ್ರೋಟೀನ್ ಒಂದೂವರೆ ಗ್ರಾಂ ದಾಟುವುದಿಲ್ಲ. ಅದೇ ಪಾತ್ರೆಗೆ 15 ಗ್ರಾಂ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಇಳಿಸಿದ ಮೇಲೆ ಎರಡು ಟೀ ಚಮಚ ತೆಂಗಿನೆಣ್ಣೆ ಕಲಸಿದರೆ 200 ಕ್ಯಾಲೊರಿ ಆಗುತ್ತದೆ, ಪ್ರೋಟೀನ್ ಸುಮಾರು 5 ಗ್ರಾಂ. ಬಟ್ಟಲು ಅದೇ, ಮಗು ತಿನ್ನುವ ತುತ್ತೂ ಹೆಚ್ಚುಕಡಿಮೆ ಅಷ್ಟೇ. ಎಂಟು ಕಿಲೊದ ಮಗುವಿಗೆ ದಿನಕ್ಕೆ ಸಾವಿರ ಕ್ಯಾಲೊರಿಯ ಹತ್ತಿರ ಬೇಕು. ತಿಳಿಗಂಜಿಯಲ್ಲಿ ಅದನ್ನು ತುಂಬಬೇಕಾದರೆ ಹದಿನಾಲ್ಕು ಬಟ್ಟಲು ಕುಡಿಸಬೇಕು. ಯಾವ ಮಗು ಕುಡಿದೀತು?

ತೆಂಗಿನೆಣ್ಣೆ ಏಕೆಂದರೆ ಅದರ ಕೊಬ್ಬಿನ ಒಂದು ಪಾಲು ಪಿತ್ತದ ಸಹಾಯವಿಲ್ಲದೆ ರಕ್ತಕ್ಕೆ ಸೇರುತ್ತದೆ. ಇದಕ್ಕಾಗಿಯೇ ತಯಾರಾದ ಎಂಸಿಟಿ ಎಣ್ಣೆಯಲ್ಲಿ ಆ ಗುಣ ಪೂರ್ತಿ ಇದೆ, ವೈದ್ಯರು ಬರೆದುಕೊಟ್ಟರೆ ಅದು ಉತ್ತಮ. ಎಂಸಿಟಿ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ, ಬೇಗ ಹೊಗೆಯಾಡಿ ಸೀದುಹೋಗುತ್ತದೆ. ಬೆಂದ ಅನ್ನಕ್ಕೆ, ರಾಗಿ ಮಣ್ಣಿಗೆ ಕೊನೆಯಲ್ಲಿ ಬೆರೆಸಿ. ಮೊದಲ ದಿನ ಅರ್ಧ ಚಮಚ, ನಿಧಾನವಾಗಿ ಹೆಚ್ಚಿಸಿ. ಒಮ್ಮೆಲೇ ಸುರಿದರೆ ಭೇದಿಯಾಗಿ, ‘ನೋಡಿದಿರಾ, ಎಣ್ಣೆ ಆಗಿಬರಲಿಲ್ಲ’ ಎಂದು ಮನೆಯಲ್ಲಿ ತೀರ್ಪು ಬಂದುಬಿಡುತ್ತದೆ. ಪೂರ್ತಿ ಇದರಲ್ಲೇ ನಡೆಸುವುದೂ ತಪ್ಪು. ಮಗುವಿಗೆ ಅಗತ್ಯವಾದ ಕೆಲವು ಕೊಬ್ಬಿನಂಶ ಇದರಲ್ಲಿಲ್ಲ, ಸೂರ್ಯಕಾಂತಿಯದೋ ಶೇಂಗಾದದೋ ಒಂದು ಚಮಚ ಎಣ್ಣೆ ದಿನವೂ ಇರಲಿ.

ಬೇಳೆ, ಮೊಟ್ಟೆ, ಮೊಸರು, ಚೆನ್ನಾಗಿ ಬೆಂದ ಮೀನು ನಿಲ್ಲಿಸಬೇಡಿ. ಪ್ರೋಟೀನ್ ಕೊಟ್ಟರೆ ಲಿವರಿಗೆ ಭಾರ ಎಂಬ ಮಾತು ಹಳೆಯದು. ಕೊಡದಿದ್ದರೆ ಸ್ನಾಯು ಕರಗುತ್ತದೆ, ಮೈಯಲ್ಲಿ ಸೇರಿ ಮೆದುಳನ್ನು ಮಂಕುಮಾಡುವ ಅಮೋನಿಯಾ ಎಂಬ ಕಶ್ಮಲವನ್ನು ಅಷ್ಟಿಷ್ಟು ನಿಭಾಯಿಸುವ ಸ್ನಾಯು ಕರಗಿದರೆ ತೊಂದರೆ ಇನ್ನೂ ಹೆಚ್ಚು. ಕಬ್ಬಿನ ಹಾಲಿನಲ್ಲಿ ಸಕ್ಕರೆ ನೀರು ಬಿಟ್ಟರೆ ಮತ್ತೇನಿಲ್ಲ, ರಸ್ತೆಬದಿಯ ಗಾಣದ ಮಂಜುಗಡ್ಡೆಯಿಂದ ಹೆಪಟೈಟಿಸ್ ಎ ಬಂದರೆ ಮೊದಲೇ ಸೋತ ಲಿವರ್ ಪೂರ್ತಿ ಕೈಬಿಡಬಹುದು.

ಹಸಿದಿರುವುದೂ ಈ ಮಕ್ಕಳಿಗೆ ಆಗದು. ಗಟ್ಟಿಯಾದ ಲಿವರಿನಲ್ಲಿ ರಾತ್ರಿಗೆಂದು ಸಕ್ಕರೆ ಕೂಡಿಟ್ಟುಕೊಳ್ಳುವ ಜಾಗ ಕಡಿಮೆ. ಎಂಟಕ್ಕೆ ಊಟ ಮಾಡಿ ಬೆಳಗ್ಗೆ ಎಂಟಕ್ಕೆ ತಿಂಡಿ ಎಂದರೆ ಆ ನಡುವೆ ದೇಹ ಸ್ನಾಯುವನ್ನೇ ಒಡೆದು ಉಣ್ಣುತ್ತದೆ. ಮಲಗುವ ಮುನ್ನ ಹಾಲು ಅವಲಕ್ಕಿಯೋ, ಒಂದು ಇಡ್ಲಿಯೋ ಕೊಡಿ. ಪೂಜೆಯ ದಿನ ನೈವೇದ್ಯ ಆಗುವ ತನಕ ಕಾಯಿಸಬೇಡಿ, ಮಗುವಿಗೆ ಮೊದಲು ಬಡಿಸಿ.

ಬಾಯಲ್ಲಿ ಎಷ್ಟು ಕೊಟ್ಟರೂ ತೂಕ ಏರದಿದ್ದರೆ ವೈದ್ಯರು ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಹಾಕಿ ಕಳಿಸುತ್ತಾರೆ. ನೆರೆಯವರು ನೋಡುತ್ತಾರೆಂದು ಅದನ್ನು ತೆಗೆಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ಸಲ ಮೂಗಿನ ಹತ್ತಿರದ ಗುರುತು ಸರಿದಿಲ್ಲವೆಂದು ನೋಡಿ, ನರ್ಸ್ ಕಲಿಸಿದಂತೆ ನಳಿಗೆ ಹೊಟ್ಟೆಯಲ್ಲೇ ಇದೆಯೆಂದು ಖಚಿತಮಾಡಿಕೊಂಡೇ ಹಾಲು ಬಿಡಿ. ತಲೆ ಎತ್ತರವಿರಲಿ, ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಂಡು ತಾನಾಗಿ ಇಳಿಯಲಿ, ಸಿರಿಂಜಿನಿಂದ ಒತ್ತಬೇಡಿ. ಕೊನೆಗೆ ಸ್ವಲ್ಪ ಕುದಿಸಿ ಆರಿಸಿದ ನೀರು ಬಿಟ್ಟರೆ ನಳಿಗೆ ಕಟ್ಟಿಕೊಳ್ಳದು. ನಳಿಗೆ ಇದ್ದಾಗಲೂ ದಿನಕ್ಕೆ ಕೆಲವು ಸಲ ಬಾಯಿಗೆ ರುಚಿ ತೋರಿಸುತ್ತಿರಿ. ಇಲ್ಲದಿದ್ದರೆ ತಿಂಗಳುಗಟ್ಟಲೆ ಬಾಯಿ ಬಳಸದ ಮಗು ಆಮೇಲೆ ಚಮಚ ಕಂಡರೆ ಓಕರಿಸುತ್ತದೆ.

ಮಗು ಬೆಳೆಯುತ್ತಿದೆಯೇ ಎಂದು ತಿಳಿಯಲು ತೂಕದ ಯಂತ್ರ ಸಾಲದು. ಹೊಟ್ಟೆಯಲ್ಲಿ ನೀರು ತುಂಬಿದಾಗಲೂ ತೂಕ ಏರುತ್ತದೆ, ಮನೆಯವರು ಸಂತೋಷಪಡುತ್ತಾರೆ, ಕೈಕಾಲು ಮಾತ್ರ ಕಡ್ಡಿಯಾಗುತ್ತಿರುತ್ತದೆ. ದರ್ಜಿಯ ಟೇಪು ತೆಗೆದುಕೊಂಡು ಎಡತೋಳಿನ ಭುಜಕ್ಕೂ ಮೊಣಕೈಗೂ ನಟ್ಟನಡುವೆ ಸುತ್ತಳತೆ ತೆಗೆಯಿರಿ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ 12.5 ಸೆಂ.ಮೀ.ಗಿಂತ ಕಡಿಮೆಯಾದರೆ ಪೋಷಣೆ ಸಾಲುತ್ತಿಲ್ಲ, 11.5ಕ್ಕಿಂತ ಕೆಳಗಿಳಿದರೆ ಗಂಭೀರ. ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆಯೂ ಬರೆದಿಡಿ. ವಾರಕ್ಕೊಮ್ಮೆ, ಬೆಳಗ್ಗೆ, ಅದೇ ಟೇಪಿನಲ್ಲಿ. ತೋಳು ಸಣ್ಣಗಾಗಿ ಹೊಟ್ಟೆ ದಪ್ಪಗಾಗುತ್ತಿದ್ದರೆ ಮುಂದಿನ ತಾರೀಖಿನ ತನಕ ಕಾಯಬೇಡಿ. ಎರಡೇ ದಿನದಲ್ಲಿ ಅರ್ಧ ಕಿಲೊ ಏರಿದರೂ ಹಾಗೆಯೇ.

ಹೊಟ್ಟೆಯಲ್ಲಿ ನೀರಿದ್ದರೆ ಮಾತ್ರ ಉಪ್ಪು ಕಡಿಮೆ ಮಾಡಬೇಕು. ಇಲ್ಲದ ಮಗುವಿಗೆ ಸಪ್ಪೆ ಕೊಟ್ಟರೆ ಇದ್ದ ಹಸಿವೂ ಹೋಗುತ್ತದೆ. ಕಡಿಮೆ ಎಂದರೆ ಮೊದಲು ಹೋಗಬೇಕಾದ್ದು ಹಪ್ಪಳ, ಉಪ್ಪಿನಕಾಯಿ, ಫರಸಾಣ, ವಡಾಪಾವ್, ಬೇಕರಿಯ ಖಾರಿ, ಪ್ಯಾಕೆಟ್ ಚಿಪ್ಸ್. ಇಲ್ಲಿ ಒಂದು ಅಪಾಯ ಬಹಳ ಜನರಿಗೆ ತಿಳಿದಿಲ್ಲ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಎರಡೂ ಸೇರಿ ಎದೆಬಡಿತವೇ ತಪ್ಪಬಹುದು. ಆ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಎಳನೀರನ್ನೂ ವೈದ್ಯರನ್ನು ಕೇಳಿಯೇ ಕೊಡಿ.

ಪಿತ್ತ ಇಳಿಯದಿದ್ದರೆ ಎ, ಡಿ, ಇ, ಕೆ ಈ ನಾಲ್ಕು ವಿಟಮಿನ್ ಮೈಗೆ ಹತ್ತುವುದಿಲ್ಲ. ಕೆ ಕಡಿಮೆಯಾದರೆ ಒಸಡಿನಲ್ಲಿ, ಮೂಗಿನಲ್ಲಿ, ಕೆಲವೊಮ್ಮೆ ಮೆದುಳಿನಲ್ಲೇ ರಕ್ತ ಒಸರುತ್ತದೆ. ಡಿ ಇಲ್ಲದಿದ್ದರೆ ಮೂಳೆ ಮುರಿಯುತ್ತದೆ, ಇ ಇಲ್ಲದಿದ್ದರೆ ನಡಿಗೆ ತೂರಾಡುತ್ತದೆ, ಎ ಇಲ್ಲದಿದ್ದರೆ ಸಂಜೆಗಣ್ಣು ಮಂಜಾಗುತ್ತದೆ. ಸಾಮಾನ್ಯ ಮಲ್ಟಿವಿಟಮಿನ್ ಹನಿಯಲ್ಲಿ ಇದಕ್ಕೆ ಬೇಕಾದಷ್ಟು ಇರುವುದಿಲ್ಲ, ತಜ್ಞರು ಬರೆದ ಪ್ರಮಾಣವನ್ನು ಔಷಧ ಅಂಗಡಿಯವರು ‘ಇದೂ ಅದೇ’ ಎಂದು ಬದಲಿಸಲು ಬಿಡಬೇಡಿ.

ತುರಿಕೆ ಹೊರಗಿನವರಿಗೆ ಸಣ್ಣದಾಗಿ ಕಾಣುತ್ತದೆ. ರಾತ್ರಿಯಿಡೀ ಕೆರೆದು ಹಾಸಿಗೆಗೆ ರಕ್ತ ಹತ್ತಿಸುವ ಮಗುವಿಗೂ ಅದನ್ನು ಹಿಡಿದು ಕೂತ ತಾಯಿಗೂ ಅದು ಸಣ್ಣದಲ್ಲ. ಉಗುರು ಎರಡು ದಿನಕ್ಕೊಮ್ಮೆ ಕತ್ತರಿಸಿ, ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರು, ಒದ್ದೆ ಮೈಗೇ ತೆಂಗಿನೆಣ್ಣೆ, ತೆಳು ಹತ್ತಿ ಬಟ್ಟೆ. ಔಷಧವಾಗಿ ರಿಫಾಂಪಿಸಿನ್ ಕೊಟ್ಟಿದ್ದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿಯಿಂದ ನಿಲ್ಲಿಸಬೇಡಿ. ಕೊಲೆಸ್ಟೈರಮೈನ್ ಪುಡಿ ಕೊಡುತ್ತಿದ್ದರೆ ಬೇರೆ ಔಷಧ, ವಿಟಮಿನ್‌ಗಳನ್ನು ಅದಕ್ಕೆ ಒಂದು ಗಂಟೆ ಮೊದಲೋ ನಾಲ್ಕೈದು ಗಂಟೆ ಆಮೇಲೋ ಕೊಡಿ. ಒಟ್ಟಿಗೆ ಕೊಟ್ಟರೆ ಆ ಪುಡಿ ಅವನ್ನೆಲ್ಲ ಹಿಡಿದುಕೊಂಡು ಮಲದಲ್ಲಿ ಹೋಗುತ್ತದೆ.

ಜ್ವರ ಬಂದಾಗ ಏನು ಮಾಡಬೇಕು? ಕಸಾಯ್ ಆದ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ ಪಿತ್ತಮಾರ್ಗದ ಸೋಂಕು ಎಂದೇ ಮೊದಲು ನೆನೆಯಬೇಕು. ಅದೇ ದಿನ ಆಸ್ಪತ್ರೆ, ರಕ್ತನಾಳದ ಮೂಲಕ ಆಂಟಿಬಯಾಟಿಕ್. ಮನೆಯಲ್ಲಿ ಮೂರು ದಿನ ಸಿರಪ್ ಹಾಕುತ್ತ ಕೂತರೆ ಹರಿಯುತ್ತಿದ್ದ ಪಿತ್ತವೂ ನಿಲ್ಲಬಹುದು. ಬ್ರೂಫೆನ್, ಕಾಂಬಿಫ್ಲಾಮ್, ಮೆಫ್ಟಾಲ್, ಆಸ್ಪಿರಿನ್ ಈ ಮಕ್ಕಳಿಗೆ ಬೇಡವೇ ಬೇಡ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿರುತ್ತವೆ, ಪ್ಲೇಟ್ಲೆಟ್ ಕಡಿಮೆ ಇರುತ್ತದೆ, ಆ ಔಷಧ ರಕ್ತ ಒಸರಿಸುತ್ತದೆ, ಮೂತ್ರಪಿಂಡಕ್ಕೂ ಕೆಡುಕು. ಪ್ಯಾರಾಸಿಟಮಾಲ್ ನಡೆಯುತ್ತದೆ, ಪ್ರಮಾಣವನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ಸಾಮಾನ್ಯವಾಗಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ ಆರು ಗಂಟೆ. ತಪ್ಪಾಗುವುದು ಬಾಟಲಿಯಲ್ಲಿ. ಹನಿಯ ಬಾಟಲಿಯಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ, ಒಂದು ಸಿರಪ್ಪಿನಲ್ಲಿ 5 ಮಿ.ಲೀ.ಗೆ 125, ಇನ್ನೊಂದರಲ್ಲಿ 5 ಮಿ.ಲೀ.ಗೆ 250. ಹತ್ತು ಕಿಲೊದ ಮಗುವಿಗೆ 125 ಬೇಕಾದಾಗ ಅಜ್ಜಿ ಸಿರಪ್ಪಿನ ಅಭ್ಯಾಸದಲ್ಲಿ ಹನಿಯ ಬಾಟಲಿಯಿಂದ 5 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು ಹೋಗಿಬಿಡುತ್ತದೆ. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇಡಿ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಒಳಗೆ ರಕ್ತ ಹೋಗುತ್ತಿದೆ. ಕಬ್ಬಿಣದ ಟಾನಿಕ್ ಕುಡಿದರೂ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ಕೆಟ್ಟ ವಾಸನೆ ಇರುವುದಿಲ್ಲ. ಸಂದೇಹವಿದ್ದರೆ ರಕ್ತವೆಂದೇ ತಿಳಿದು ಹೊರಡಿ. ರಕ್ತ ವಾಂತಿಯಾದರೆ ಬಾಯಿಗೆ ಏನೂ ಕೊಡದೆ, ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆ ಮಾಡಿ ಎಂಡೊಸ್ಕೊಪಿ ಇರುವ ಆಸ್ಪತ್ರೆಗೇ ಒಯ್ಯಿರಿ. ಗುಲ್ಮ ದೊಡ್ಡದಿರುವ ಮಗುವಿನ ಎಡಪಕ್ಕೆಗೆ ಪೆಟ್ಟು ಬೀಳಬಾರದು. ಕಬಡ್ಡಿ, ದಹಿಹಂಡಿಯ ಗೋಪುರ, ಬೆಳಗಿನ ನೂಕುನುಗ್ಗಲಿನ ಲೋಕಲ್ ಇವು ಬೇಡ. ಓಟ, ಸೈಕಲ್, ಕೇರಂ, ನೃತ್ಯ ಯಾವುದಕ್ಕೂ ಅಡ್ಡಿಯಿಲ್ಲ, ಕೂಡಿಹಾಕಬೇಡಿ.

ಶಾಲೆಗೆ ಹೋಗುವ ಮಗುವಿನಲ್ಲಿ ಅಮೋನಿಯಾ ಏರಿದ್ದು ಮೊದಲು ಕಾಣುವುದು ಅಕ್ಷರದಲ್ಲಿ. ದುಂಡಗಿದ್ದ ಬರಹ ಓರೆಯಾಗುತ್ತದೆ, ಹಗಲು ತೂಕಡಿಕೆ, ರಾತ್ರಿ ನಿದ್ದೆಯಿಲ್ಲ, ಕಾರಣವಿಲ್ಲದ ಸಿಟ್ಟು. ಶಿಕ್ಷಕರು ಸೋಮಾರಿತನ ಎನ್ನುತ್ತಾರೆ. ಪ್ರತಿ ಭಾನುವಾರ ಒಂದೇ ವಾಕ್ಯವನ್ನು ಒಂದೇ ಪುಸ್ತಕದಲ್ಲಿ ಬರೆಸಿ, ಕೆಳಗೆ ಐದು ಮೂಲೆಯ ನಕ್ಷತ್ರ ಬಿಡಿಸಲು ಹೇಳಿ. ನಾಲ್ಕು ವಾರದ ಹಾಳೆ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಕೊಡುವ ಲ್ಯಾಕ್ಟುಲೋಸ್ ಸಿರಪ್ಪಿನ ಅಳತೆ ಚಮಚದಲ್ಲಲ್ಲ, ಮಲದಲ್ಲಿ: ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು. ಒಂದೂ ಆಗದಿದ್ದರೆ ಅಮೋನಿಯಾ ಏರುತ್ತದೆ, ಆರೇಳು ಸಲ ನೀರಾಗಿ ಹೋದರೆ ಮೈ ಒಣಗಿ ಮತ್ತೆ ಅದೇ ಗತಿ. ಮಗು ಕೇಳಿದ ತಕ್ಷಣ ಶೌಚಕ್ಕೆ ಬಿಡುವಂತೆಯೂ, ಇದು ಅಂಟುಜಾಡ್ಯವಲ್ಲವೆಂದೂ ಶಾಲೆಗೆ ಪತ್ರ ಬರೆದುಕೊಡಿ. ‘ಕಾವೀಳ್’ (ಮರಾಠಿಯಲ್ಲಿ ಕಾಮಾಲೆ) ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೇರೆ ತಾಯಂದಿರು ಮಕ್ಕಳನ್ನು ಬೇರೆ ಬೆಂಚಿಗೆ ಕಳಿಸುತ್ತಾರೆ.

ತಾಮ್ರದ ತಂಬಿಗೆಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇವೆ. ಆರೋಗ್ಯವಂತರ ಲಿವರ್ ಹೆಚ್ಚಿನ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ವಿಲ್ಸನ್ ಕಾಯಿಲೆಯಲ್ಲಿ ಆ ಬಾಗಿಲೇ ಮುಚ್ಚಿರುತ್ತದೆ. ಆ ಮನೆಯಲ್ಲಿ ತಾಮ್ರದ ಬಿಂದಿಗೆ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಹಾಕಿದ ಸಾರು ಬೇಡ, ಗೋಡಂಬಿ, ಚಾಕೊಲೇಟ್, ಅಣಬೆ, ಮಳಿ ಮರ್ವಾಯಿಯಂಥ ಚಿಪ್ಪುಜೀವಿ ಬೇಡ. ಕಲಾಯಿಯವರು ನಮ್ಮ ಗಲ್ಲಿಗಳಿಂದ ಕಣ್ಮರೆಯಾಗುತ್ತಿರುವಾಗ ಊರಿನ ಹಳೆಯ ಹಿತ್ತಾಳೆ ಪಾತ್ರೆ ಚಂದಕ್ಕೆಂದು ಅಡುಗೆಮನೆಗೆ ಬರುತ್ತಿರುವುದು ಸರಿಯಲ್ಲ. ಎಳೆಮಕ್ಕಳ ಲಿವರ್ ಗಟ್ಟಿಯಾಗುವ ಒಂದು ಕಾಯಿಲೆ ಹಿಂದೆ ಪುಣೆಯ ಸುತ್ತಮುತ್ತ ಬಹಳವಿತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿನ ಕಡೆಗೆ ಪುಣೆಯ ಮಕ್ಕಳ ವೈದ್ಯರು ಬ್ರಿಟನ್ನಿನ ಸಹೋದ್ಯೋಗಿಗಳೊಂದಿಗೆ 1983ರಲ್ಲಿ ಬೆರಳು ತೋರಿಸಿದರು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಬಹುಮಟ್ಟಿಗೆ ಮಾಯವಾಯಿತು.

ವಿಲ್ಸನ್‌ಗೆ ಕೊಡುವ ಪೆನಿಸಿಲಮೈನ್ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆಮೇಲೆ, ಸತುವಿನ ಮಾತ್ರೆಯೂ ಊಟದಿಂದ ದೂರ, ಎರಡನ್ನೂ ಒಟ್ಟಿಗೆ ಕೊಡಬಾರದು. ಮಗು ಗುಣವಾದಂತೆ ಕಾಣುತ್ತದೆಂದು ಔಷಧ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಲಿವರ್ ಸೋಲಬಹುದು, ಇದು ಜೀವನಪೂರ್ತಿಯ ಔಷಧ. ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುವುದರಿಂದ ಅವರಿಗೂ ಸೆರುಲೊಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್) ಪರೀಕ್ಷೆ ಮಾಡಿಸಿ. ಸೋದರಮಾವ, ಅತ್ತೆಮಗನ ಸಂಬಂಧದ ಮದುವೆಗಳಲ್ಲಿ ಇಂಥ ವಂಶವಾಹಿ ಕಾಯಿಲೆ ಹೆಚ್ಚು ಕಾಣುತ್ತದೆ.

ನಾಟಿ ಮದ್ದಿನ ಬಗ್ಗೆ ಜಗಳಕ್ಕೆ ನಿಲ್ಲುವುದಿಲ್ಲ, ಆದರೆ ತಿಳಿದದ್ದನ್ನು ಹೇಳದಿರುವುದೂ ತಪ್ಪು. ಕುತ್ತಿಗೆಗೆ ಹಾಕುವ ಕಾಮಾಲೆಯ ಮಾಲೆ ಉದ್ದವಾಗುವುದು ದಂಟು ಒಣಗಿ ಗಂಟು ಸಡಿಲವಾಗುವುದರಿಂದ. ಬರೆ ಹಾಕಿಸಿದರೆ ಸುಟ್ಟಗಾಯ, ಸೋಂಕು ಬಿಟ್ಟರೆ ಬೇರೇನೂ ಬರದು. ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಹಾನಿಯಾದದ್ದನ್ನು ಮುಂಬಯಿಯ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಕೆಲವು ಮಕ್ಕಳಿಗೆ ಕೊನೆಗೆ ಲಿವರ್ ಕಸಿ ಬೇಕಾಗುತ್ತದೆ. ಸಣ್ಣ ಮಗುವಿಗೆ ದೊಡ್ಡವರ ಲಿವರಿನ ಎಡಭಾಗದ ಸುಮಾರು ಐದರಲ್ಲೊಂದು ಪಾಲು ಸಾಕು, ಕೊಟ್ಟವರದು ಮತ್ತೆ ಬೆಳೆಯುತ್ತದೆ. 1994ರ ಅಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಅಜ್ಜ ಅಜ್ಜಿಯರೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದಾರೆ. ಚಿಕ್ಕಪ್ಪ, ಸೋದರಮಾವ ಕೊಡುವುದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಇಲ್ಲಿ ಕನ್ನಡಿಗರು ಸಿಕ್ಕಿಬೀಳುವುದು ಹೆಸರಿನಲ್ಲಿ. ಊರಿನ ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಮಾತ್ರ, ಇಲ್ಲಿಯ ಆಧಾರಿನಲ್ಲಿ ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು, ಮದುವೆಯ ನಂತರ ತಾಯಿಯ ಹೆಸರೇ ಬೇರೆ. ಸಂಬಂಧ ರುಜುವಾತು ಮಾಡಲು ಹೊರಟಾಗ ಒಬ್ಬರೇ ಮೂವರಾಗಿ ಕಾಣುತ್ತಾರೆ. ಕಸಿಯ ಮಾತು ಮೊದಲ ಸಲ ಬಂದ ದಿನವೇ ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಹೆಸರಿನ ಅಫಿಡವಿಟ್ ಸರಿಮಾಡಲು ಶುರುಮಾಡಿ. ರೇಷನ್ ಕಾರ್ಡ್ ಊರಲ್ಲೇ ಉಳಿದಿದ್ದರೆ ಅದನ್ನೂ ನೋಡಿಕೊಳ್ಳಿ, ಇಲ್ಲಿಯ ಸರ್ಕಾರಿ ನೆರವಿಗೆ ಮಹಾರಾಷ್ಟ್ರದ ದಾಖಲೆ ಕೇಳುತ್ತಾರೆ. ರಾಜ್ಯದ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಯನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಮೊದಲ ದಿನವೇ ಕಾಣಿ.

ಕಸಿಗೆ ಮುಂಚೆ ಲಸಿಕೆಗಳನ್ನು ಮುಗಿಸಬೇಕು. ದಡಾರ, ಸೀತಾಳೆಸಿಡುಬಿನಂಥ ಜೀವಂತ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ, ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಆಗಿರಬೇಕು. ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಕಸಿಯ ನಂತರ ಕೊಡುವ ಟ್ಯಾಕ್ರೊಲಿಮಸ್ ಔಷಧ ಸರಿಯಾಗಿ 12 ಗಂಟೆಗೊಮ್ಮೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಡೋಸ್ ಕೊಡದೆ ಹೋಗಬೇಕು. ಕಲ್ಯಾಣದಿಂದ ಪರೇಲ್‌ಗೆ ಮೊದಲ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮನೆಯಲ್ಲೇ ಕೊಟ್ಟುಬಿಟ್ಟರೆ ಆ ದಿನದ ಪರೀಕ್ಷೆಯೇ ವ್ಯರ್ಥ. ಡೋಸನ್ನು ಚೀಲದಲ್ಲಿಟ್ಟುಕೊಂಡು, ರಕ್ತ ತೆಗೆದ ಕೂಡಲೇ ಕೊಡಿ. ಬ್ರ್ಯಾಂಡ್ ಬದಲಿಸಬೇಡಿ. ಗಣೇಶ ಚತುರ್ಥಿಯ ಹೊತ್ತಿಗೆ ದಾದರ್ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಚಕ್ಕೋತ, ಇಲ್ಲಿಯವರ ಪಪನಸ, ಈ ಔಷಧದ ಮಟ್ಟವನ್ನು ಏರಿಸಬಲ್ಲದು, ಪ್ರಸಾದವೆಂದೂ ಕೊಡಬೇಡಿ. ಜುಲೈ ಮಳೆಗೆ ಹಳಿ ಮುಳುಗಿ ರೈಲು ನಿಲ್ಲುವ ಊರು ನಮ್ಮದು, ಹತ್ತು ದಿನದ ಔಷಧ ಮನೆಯಲ್ಲಿ ಹೆಚ್ಚಿಗೆ ಇರಲಿ. ಹತ್ತು ಹನ್ನೆರಡರ ವಯಸ್ಸಿಗೆ ಮಗುವಿಗೇ ತನ್ನ ಔಷಧದ ಹೆಸರು, ಪ್ರಮಾಣ, ಹೊತ್ತು ಬಾಯಿಪಾಠವಾಗಿರಬೇಕು. ಹದಿಹರೆಯದಲ್ಲಿ ಗುಟ್ಟಾಗಿ ಮಾತ್ರೆ ಬಿಡುವುದರಿಂದಲೇ ಎಷ್ಟೋ ಕಸಿ ಹಾಳಾಗುತ್ತವೆ.

ನಗರದ ಕನ್ನಡ ಸಂಘಗಳಲ್ಲಿ, ಜಾತಿ ಸಮಾಜದ ಸಭಾಗೃಹಗಳಲ್ಲಿ ನಾಮಕರಣ, ತೊಟ್ಟಿಲು ಶಾಸ್ತ್ರ ನಡೆಯುತ್ತಲೇ ಇರುತ್ತವೆ. ಮಲದ ಬಣ್ಣದ ಒಂದು ಕಾರ್ಡನ್ನು ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿ, ಬಣ್ಣ ಕೆಡದಂತೆ ಒಳ್ಳೆಯ ಪ್ರೆಸ್ಸಿನಲ್ಲಿ ಅಚ್ಚುಹಾಕಿಸಿ, ಆ ದಿನ ತಾಯಿಯ ಕೈಗೆ ತಾಂಬೂಲದ ಜೊತೆ ಕೊಡಿ. ಸೀಮಂತದಲ್ಲೇ ಕೊಟ್ಟರೆ ಇನ್ನೂ ಒಳಿತು, ತವರಿಗೆ ಹೋಗುವಾಗ ಚೀಲದಲ್ಲಿ ಹೋಗುತ್ತದೆ. ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಮುಂದಿನ ಸಲ ತಾವು ಕಾಮಾಲೆಯ ಪಥ್ಯ ಅಚ್ಚುಹಾಕುವಾಗ ಅದರ ಕೆಳಗೆ ಎರಡು ಸಾಲು ಸೇರಿಸಿ: ‘ಹದಿನಾಲ್ಕು ದಿನ ದಾಟಿದ ಕೂಸಿಗೆ ಹಳದಿ ಇದ್ದರೆ ಡೈರೆಕ್ಟ್ ಬಿಲಿರುಬಿನ್ ಪರೀಕ್ಷಿಸಿ. ಮೊದಲಿನಿಂದ ಲಿವರ್ ಕಾಯಿಲೆ ಇರುವ ಮಕ್ಕಳಿಗೆ ಈ ಪಥ್ಯ ಹಾಕಬೇಡಿ.’

ಇತಿ,
ಡೊಂಬಿವಲಿ, ಠಾಣೆ ಭಾಗದ ಕೆಲವು ಕನ್ನಡಿಗ ಪಾಲಕರು